ಹಿರಿಯ ಸಂಶೋಧಕರ ಅನುದಾನ ಅರ್ಜಿ: ಯಾವುದು ಮೊದಲು, ಯಾವುದು ಆಮೇಲೆ

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ವಿಶ್ವವಿದ್ಯಾಲಯಗಳಲ್ಲಿ, ಎಂಜಿನಿಯರಿಂಗ್ ಮತ್ತು ವೈದ್ಯಕೀಯ ಕಾಲೇಜುಗಳಲ್ಲಿ, ಕೋಲಾರದ ಟಮಕದಲ್ಲಿರುವ ತೋಟಗಾರಿಕೆ ಕಾಲೇಜಿನಿಂದ ಚಿಂತಾಮಣಿಯ ರೇಷ್ಮೆ ಕೃಷಿ ಕಾಲೇಜಿನವರೆಗೆ, ವರ್ಷಗಟ್ಟಲೆ ಸಂಶೋಧನೆ ಮಾಡಿ ಹೆಸರು ಗಳಿಸಿದ ಪ್ರಾಧ್ಯಾಪಕರಿದ್ದಾರೆ. ಇಂಥವರ ಅನುದಾನ ಪ್ರಸ್ತಾವನೆಗಳೂ ಮತ್ತೆ ಮತ್ತೆ ವಾಪಸ್ ಬರುತ್ತವೆ. ನನ್ನ ಬಳಿಗೆ ಓದಲು ಬಂದ ಕರಡುಗಳಲ್ಲಿ ವಿಜ್ಞಾನ ಸೋತದ್ದು ಕಡಿಮೆ. ಕೆಲಸದ ಕ್ರಮ ತಲೆಕೆಳಗಾದದ್ದೇ ಹೆಚ್ಚು. ಅರ್ಜಿ ಆಹ್ವಾನ ಬಂದ ಮೇಲೆ ಉಪಕರಣದ ಕೊಟೇಷನ್ ತರಿಸುತ್ತಾರೆ. ಆ ಉಪಕರಣಕ್ಕೆ ಹೊಂದುವಂತೆ ಉದ್ದೇಶಗಳನ್ನು ಬರೆಯುತ್ತಾರೆ. ಕೊನೆಯ ವಾರ ಕುಲಸಚಿವರ ಸಹಿಗೆ ಓಡುತ್ತಾರೆ. ಹಿಂದಿನ ಯೋಜನೆಯ ಲೆಕ್ಕ ಇನ್ನೂ ಮುಗಿದಿಲ್ಲ ಎಂಬುದು ಆಗ ನೆನಪಾಗುತ್ತದೆ.

ಹೊಸದಾಗಿ ಸೇರಿದವರಿಗೆ ರೆಫರಿಗಳು, ಅಂದರೆ ಪ್ರಸ್ತಾವನೆ ಓದಿ ಅಭಿಪ್ರಾಯ ಕೊಡುವ ತಜ್ಞರು, ಸ್ವಲ್ಪ ಸಡಿಲ ಬಿಡುತ್ತಾರೆ. ಹಿರಿಯರಿಗೆ ಆ ಸಡಿಲ ಇಲ್ಲ. ಹಿಂದೆ ಕೊಟ್ಟ ಹಣದಿಂದ ಏನು ಬಂತು, ಈಗ ಕೇಳುತ್ತಿರುವುದು ಅದಕ್ಕಿಂತ ಹೇಗೆ ಬೇರೆ, ಇವರಿರುವ ಊರಿನಲ್ಲಿ ಇದನ್ನು ಮಾಡಿ ಮುಗಿಸಲು ಆಗುತ್ತದೆಯೇ ಎಂಬ ಮೂರು ಪ್ರಶ್ನೆ ಇಟ್ಟುಕೊಂಡೇ ಅವರು ಕಡತ ತೆರೆಯುತ್ತಾರೆ. ಕೆಳಗಿನ ಹಂತಗಳು ಆ ಮೂರಕ್ಕೂ ಉತ್ತರ ಕೂಡಿಸುವ ಕ್ರಮದಲ್ಲಿವೆ. ಆರು ತಿಂಗಳ ಸಮಯ ಇಟ್ಟುಕೊಂಡು ಶುರು ಮಾಡಿ. ಮೂರೇ ವಾರ ಉಳಿದಿದ್ದರೆ ಈ ಆಹ್ವಾನವನ್ನು ಬಿಟ್ಟು ಮುಂದಿನದಕ್ಕೆ ಸಿದ್ಧರಾಗುವುದು ಮೇಲು.

ಮೊದಲೇ ಕೈಯಲ್ಲಿ ಇರಬೇಕಾದದ್ದು

ನಿಮ್ಮ ಎಲ್ಲ ಹಳೆಯ ಮತ್ತು ನಡೆಯುತ್ತಿರುವ ಯೋಜನೆಗಳ ಮಂಜೂರಾತಿ ಆದೇಶಗಳು; ನಿವೃತ್ತಿಯ ದಿನಾಂಕ ನಮೂದಾಗಿರುವ ಸೇವಾ ಪ್ರಮಾಣಪತ್ರ; ಆರ್ಕಿಡ್ ಐಡಿ (ಸಂಶೋಧಕರ ಗುರುತಿನ ಸಂಖ್ಯೆ) ಮತ್ತು ಸರಿಪಡಿಸಿದ ಪ್ರಕಟಣೆಗಳ ಪಟ್ಟಿ; ಕೇಂದ್ರದ ಹಣ ಬಿಡುಗಡೆಯಾಗುವ ಪಿಎಫ್‌ಎಂಎಸ್ ವ್ಯವಸ್ಥೆಯಲ್ಲಿ ಸಂಸ್ಥೆಯ ನೋಂದಣಿ ವಿವರ; ಪ್ರಯೋಗಾಲಯದಲ್ಲಿ ಈಗ ಕೆಲಸ ಮಾಡುತ್ತಿರುವ ಉಪಕರಣಗಳ ಪಟ್ಟಿ. ಕೊನೆಯದನ್ನು ನೀವೇ ಲ್ಯಾಬಿಗೆ ಹೋಗಿ, ಸ್ವಿಚ್ ಹಾಕಿ ನೋಡಿ ಬರೆಯಿರಿ. ದಾಸ್ತಾನು ಪುಸ್ತಕದಲ್ಲಿರುವ ಎಷ್ಟೋ ಯಂತ್ರಗಳು ಕೆಟ್ಟು ನಿಂತಿರುತ್ತವೆ. ಅವುಗಳನ್ನು ‘ಲಭ್ಯವಿರುವ ಸೌಲಭ್ಯ’ ಎಂದು ತೋರಿಸಿದರೆ ಯೋಜನೆ ಮಂಜೂರಾದ ಮೇಲೆ ತೊಂದರೆಗೆ ಸಿಕ್ಕಿಕೊಳ್ಳುವವರು ನೀವೇ.

ಹಂತ 1: ಹಳೆಯ ಲೆಕ್ಕ ಮುಗಿಸಿ

ಇದನ್ನು ಮೊದಲ ಹಂತವಾಗಿ ಇಟ್ಟಿರುವುದಕ್ಕೆ ಕಾರಣ ಇದೆ. ಉಳಿದ ಬಹುಪಾಲು ಕೆಲಸ ನಿಮ್ಮ ಕೈಯಲ್ಲಿದೆ. ಇದು ಹಣಕಾಸು ವಿಭಾಗ, ಲೆಕ್ಕಪರಿಶೋಧಕರು, ಸಂಸ್ಥೆಯ ಮುಖ್ಯಸ್ಥರ ಮೇಜುಗಳನ್ನು ದಾಟಿ ಬರಬೇಕು. ಅದಕ್ಕೆ ತಿಂಗಳುಗಳು ಹಿಡಿಯುತ್ತವೆ.

ಪ್ರತಿ ಯೋಜನೆಗೂ ವರ್ಷವಾರು ಖರ್ಚಿನ ವಿವರಪಟ್ಟಿ, ಹಣ ಬಳಕೆ ಪ್ರಮಾಣಪತ್ರ (ಎಲ್ಲರೂ ಯುಸಿ ಎನ್ನುವುದು ಇದನ್ನೇ), ಅಂತಿಮ ವರದಿ ತಲುಪಿದ್ದಕ್ಕೆ ಸ್ವೀಕೃತಿ ಇವೆಯೇ ನೋಡಿ. ಕೇಂದ್ರ ಸರ್ಕಾರದ ಅನುದಾನವಾದರೆ ಯುಸಿ 2017ರ ಸಾಮಾನ್ಯ ಹಣಕಾಸು ನಿಯಮಗಳ 12-ಎ ನಮೂನೆಯಲ್ಲೇ ಇರಬೇಕು, ಹಣಕಾಸು ವರ್ಷ ಮುಗಿದ 12 ತಿಂಗಳೊಳಗೆ ಹೋಗಿರಬೇಕು. ಅನುದಾನದ ಹಣಕ್ಕೆ ಬ್ಯಾಂಕಿನಲ್ಲಿ ಬಂದ ಬಡ್ಡಿಯನ್ನು ಯೋಜನೆಗೆ ಖರ್ಚು ಮಾಡುವಂತಿಲ್ಲ. ಅದು ಭಾರತದ ಸಂಚಿತ ನಿಧಿಗೆ ಹಿಂತಿರುಗಬೇಕು. ಹಳೆಯ ಕಡತಗಳು ನಿಂತಿರುವುದು ಬಹಳ ಸಲ ಈ ಸಣ್ಣ ಬಡ್ಡಿ ಮೊತ್ತದಿಂದಲೇ. ಕೇಂದ್ರ ಸರ್ಕಾರಕ್ಕೆ ಹಣ ಕಟ್ಟುವ ಭಾರತ್‌ಕೋಶ್ ಪೋರ್ಟಲ್‌ನಲ್ಲಿ ಕಟ್ಟಿ, ರಸೀದಿಯನ್ನು ಯುಸಿ ಜೊತೆ ಲಗತ್ತಿಸಿ ಕಳಿಸಿ.

*ಎಚ್ಚರಿಕೆಯ ಲಕ್ಷಣ:* ಲೆಕ್ಕಪತ್ರ ವಿಭಾಗದವರು “ಸರ್, ಅದೆಲ್ಲ ಕಳಿಸಿಯಾಗಿದೆ” ಎನ್ನುತ್ತಾರೆ, ಆದರೆ ರವಾನೆ ಸಂಖ್ಯೆ ಕೇಳಿದರೆ ಸಿಗುವುದಿಲ್ಲ. ಹಾಗಾದರೆ ಕಳಿಸಿಲ್ಲ ಎಂದೇ ತಿಳಿದು ಮತ್ತೆ ಕಳಿಸಿ. ಸಹ ಸಂಶೋಧಕರಾಗಿ ಹೆಸರು ಕೊಟ್ಟ ಯೋಜನೆಗಳ ಸ್ಥಿತಿಯನ್ನೂ ವಿಚಾರಿಸಿ.

ಹಂತ 2: ಇಲ್ಲಿಂದಲೇ ಉತ್ತರಿಸಬಲ್ಲ ಒಂದು ಪ್ರಶ್ನೆ

ಈ ಹಂತಕ್ಕೆ ಅತಿ ಹೆಚ್ಚು ಸಮಯ ಕೊಡಿ. ಹಿರಿಯರ ಪ್ರಸ್ತಾವನೆಗಳು ಸೋಲುವುದು ಇಲ್ಲಿಯೇ. ಇಪ್ಪತ್ತು ವರ್ಷ ಒಂದೇ ವಿಷಯದಲ್ಲಿದ್ದವರಿಗೆ ವಿಷಯವೇ ಪ್ರಶ್ನೆಯಂತೆ ಕಾಣತೊಡಗುತ್ತದೆ. “ಕೋಲಾರ ಜಿಲ್ಲೆಯ ಅಂತರ್ಜಲದಲ್ಲಿ ಫ್ಲೋರೈಡ್: ಒಂದು ಅಧ್ಯಯನ” ಎಂಬುದು ವಿಷಯ. ಇದರಲ್ಲಿ ಪ್ರಶ್ನೆ ಇಲ್ಲ. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲ ಇಲ್ಲದಿದ್ದರೆ 1.5ರವರೆಗೆ ಒಪ್ಪಬಹುದು. ನಮ್ಮ ಮೂರೂ ಜಿಲ್ಲೆಗಳಲ್ಲಿ ಈ ಮಿತಿ ದಾಟಿದ ಕೊಳವೆಬಾವಿಗಳಿವೆ ಎಂಬುದು ಎಲ್ಲರಿಗೂ ಗೊತ್ತು. ಗೊತ್ತಿರುವುದನ್ನು ಮತ್ತೊಮ್ಮೆ ಅಳೆಯಲು ಯಾರೂ ಹಣ ಕೊಡುವುದಿಲ್ಲ.

ಅದೇ ವಿಷಯದಿಂದ ಪ್ರಶ್ನೆ ತೆಗೆಯುವುದು ಹೇಗೆಂದು ನೋಡಿ. 2018ರಿಂದ ಕೆ.ಸಿ. ವ್ಯಾಲಿ (ಕೋರಮಂಗಲ–ಚಲ್ಲಘಟ್ಟ ಕಣಿವೆ) ಯೋಜನೆಯಲ್ಲಿ ಬೆಂಗಳೂರಿನ ತ್ಯಾಜ್ಯ ನೀರು ಎರಡು ಹಂತದ ಸಂಸ್ಕರಣೆಯಾಗಿ ಲಕ್ಷ್ಮೀಸಾಗರ, ನರಸಾಪುರ ಸೇರಿದಂತೆ ಕೋಲಾರದ ಕೆರೆಗಳಿಗೆ ಬರುತ್ತಿದೆ. ಕೆರೆ ತುಂಬಿದರೆ ಸುತ್ತಲಿನ ಕೊಳವೆಬಾವಿಗಳಲ್ಲಿ ನೀರು ಏರುತ್ತದೆ. ಫ್ಲೋರೈಡ್ ಏನಾಗುತ್ತದೆ? ಹೊಸ ನೀರು ಬೆರೆತು ಸಾಂದ್ರತೆ ಇಳಿಯಬಹುದು. ಆದರೆ ಇಂಗುವ ನೀರಿನಲ್ಲಿ ಬೈಕಾರ್ಬೊನೇಟ್ ಹೆಚ್ಚಾಗಿ ಕ್ಯಾಲ್ಸಿಯಂ ಕಡಿಮೆ ಇದ್ದರೆ, ಗ್ರಾನೈಟ್ ಮತ್ತು ನೈಸ್ ಬಂಡೆಗಳಲ್ಲಿರುವ ಖನಿಜಗಳಿಂದ ಫ್ಲೋರೈಡ್ ಇನ್ನಷ್ಟು ಕರಗಿ ಬರಲೂಬಹುದು. ಎರಡು ಉತ್ತರಕ್ಕೂ ರಸಾಯನಶಾಸ್ತ್ರದ ಆಧಾರ ಇದೆ, ಎರಡೂ ಒಟ್ಟಿಗೆ ನಿಜವಾಗಲಾರವು, ಯಾವುದು ನಿಜ ಎನ್ನುವುದರ ಮೇಲೆ ಊರೂರಿನ ಕುಡಿಯುವ ನೀರು ನಿಂತಿದೆ. ಇಂಥದ್ದೇ ಎಚ್.ಎನ್. ವ್ಯಾಲಿ (ಹೆಬ್ಬಾಳ–ನಾಗವಾರ ಕಣಿವೆ) ಯೋಜನೆಯ ನೀರು ಬರುವ ಚಿಕ್ಕಬಳ್ಳಾಪುರದ ಕೆರೆಗಳಿಗೂ ಇದೇ ಪ್ರಶ್ನೆ ಕೇಳಬಹುದು.

ಇಂಥ ಪ್ರಶ್ನೆಯನ್ನು ದೆಹಲಿಯಲ್ಲೋ ಪುಣೆಯಲ್ಲೋ ಕುಳಿತವರಿಗಿಂತ ಟಮಕದಲ್ಲಿ ಇರುವವರು ಚೆನ್ನಾಗಿ ಉತ್ತರಿಸಬಲ್ಲರು. ನಮ್ಮ ಸಣ್ಣ ಊರಿನ ವಿಳಾಸ ರೆಫರಿಗೆ ಕೊರತೆಯಾಗಿ ಕಾಣದಂತೆ ಮಾಡುವ ಉಪಾಯ ಇದೊಂದೇ: ಪ್ರಶ್ನೆಯೇ ಆ ವಿಳಾಸವನ್ನು ಬೇಡುವಂತಿರಬೇಕು. ಪಾವಗಡದ ಸೋಲಾರ್ ಪಾರ್ಕಿನ ಫಲಕಗಳ ಕೆಳಗಿನ ಮಣ್ಣಿನ ತೇವ ಮತ್ತು ಉಷ್ಣತೆ, ಕೋಲಾರ–ಚಿಂತಾಮಣಿಯ ಟೊಮೆಟೊದಲ್ಲಿ ಬಿಳಿನೊಣ ಹರಡುವ ಎಲೆ ಮುರುಟು ರೋಗ, ಶಿಡ್ಲಘಟ್ಟದ ರೇಷ್ಮೆ ಗೂಡು, ತಿಪಟೂರಿನ ತೆಂಗು, ಇವೆಲ್ಲ ಹಾಗೆ ಬೇಡುವ ವಿಷಯಗಳೇ.

ಪ್ರಶ್ನೆ ಸಿಕ್ಕಿತೆಂದು ಅನಿಸಿದಾಗ ಬೇರೆ ವಿಭಾಗದ ಒಬ್ಬ ಸಹೋದ್ಯೋಗಿಗೆ ಕನ್ನಡದಲ್ಲಿ ಮೂರು ನಿಮಿಷ ಹೇಳಿ. ಅರ್ಥಶಾಸ್ತ್ರದವರಾದರೂ ಸರಿ. ಮರುದಿನ “ನಾನು ಕೇಳುತ್ತಿರುವುದು ಏನು?” ಎಂದು ಅವರಿಂದ ಹೇಳಿಸಿ. ಅವರು “ನೀರಿನ ಬಗ್ಗೆ ಏನೋ” ಎಂದರೆ ಪ್ರಶ್ನೆ ಇನ್ನೂ ಹದಕ್ಕೆ ಬಂದಿಲ್ಲ.

*ಎಚ್ಚರಿಕೆಯ ಲಕ್ಷಣ:* ಉದ್ದೇಶಗಳ ಪಟ್ಟಿಯಲ್ಲಿ ‘ಅಧ್ಯಯನ ಮಾಡುವುದು’, ‘ದಾಖಲಿಸುವುದು’, ‘ಜಾಗೃತಿ ಮೂಡಿಸುವುದು’ ಎಂಬ ಕ್ರಿಯಾಪದಗಳೇ ತುಂಬಿವೆ. ಉದ್ದೇಶ ಐದಕ್ಕಿಂತ ಹೆಚ್ಚಿದ್ದರೂ ಅನುಮಾನಪಡಿ.

ಹಂತ 3: ಯಾವ ಅನುದಾನ, ಯಾರ ಅನುದಾನ

ಪ್ರಶ್ನೆ ಖಚಿತವಾದ ಮೇಲೆ ಅನುದಾನ ಹುಡುಕಿ. ಕೇಂದ್ರದ ಹಳೆಯ ವಿಜ್ಞಾನ ಮತ್ತು ಎಂಜಿನಿಯರಿಂಗ್ ಸಂಶೋಧನಾ ಮಂಡಳಿ, ಎಸ್‌ಇಆರ್‌ಬಿ, ಈಗ ಇಲ್ಲ. 2023ರ ಕಾಯ್ದೆ 2024ರ ಫೆಬ್ರವರಿಯಲ್ಲಿ ಜಾರಿಗೆ ಬಂದಾಗ ಅದು ಅನುಸಂಧಾನ್ ನ್ಯಾಷನಲ್ ರಿಸರ್ಚ್ ಫೌಂಡೇಶನ್, ಅಂದರೆ ಎಎನ್‌ಆರ್‌ಎಫ್‌ನಲ್ಲಿ ಸೇರಿಹೋಯಿತು. ಯೋಜನೆಗಳ ಹೆಸರು, ನಮೂನೆ, ಪುಟದ ಮಿತಿ ಬದಲಾಗುತ್ತಿವೆ. ಆದ್ದರಿಂದ ಕಂಪ್ಯೂಟರಿನಲ್ಲಿ ಉಳಿಸಿಟ್ಟ ಹಳೆಯ ಕೋರ್ ರಿಸರ್ಚ್ ಗ್ರಾಂಟ್ ನಮೂನೆಯ ಮೇಲೆ ಬರೆಯಲು ಹೋಗಬೇಡಿ. ಪ್ರತಿ ಸಲವೂ ಆಹ್ವಾನದ ಪ್ರಕಟಣೆಯನ್ನು ಹೊಸದಾಗಿ ಇಳಿಸಿಕೊಂಡು ಮುದ್ರಿಸಿ, ಗೆರೆ ಎಳೆಯುತ್ತಾ ಓದಿ.

ಜೈವಿಕ ತಂತ್ರಜ್ಞಾನಕ್ಕೆ ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ (ಡಿಬಿಟಿ), ಆರೋಗ್ಯಕ್ಕೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್), ತಂತ್ರಜ್ಞಾನ ಅಭಿವೃದ್ಧಿಗೆ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ (ಡಿಎಸ್‌ಟಿ) ಇವೆ. ರಾಜ್ಯದ ಮಟ್ಟದಲ್ಲಿ ವಿಷನ್ ಗ್ರೂಪ್ ಆನ್ ಸೈನ್ಸ್ ಅಂಡ್ ಟೆಕ್ನಾಲಜಿ ಕಾಲೇಜುಗಳ ಪ್ರಯೋಗಾಲಯ ಬಲಪಡಿಸಲು ಹಣ ಕೊಡುತ್ತಾ ಬಂದಿದೆ. ಲ್ಯಾಬ್ ತೀರಾ ಬರಿದಾಗಿದ್ದರೆ ಮೊದಲು ಅಲ್ಲಿ ಕೇಳಿ, ರಾಷ್ಟ್ರೀಯ ಸ್ಪರ್ಧೆಗೆ ಆಮೇಲೆ ಹೋಗುವುದು ಜಾಣತನ. ಎಲ್ಲ ಕಡೆಯೂ ಮೊದಲು ಪರೀಕ್ಷಿಸಬೇಕಾದದ್ದು ಅರ್ಹತೆ. ನಿಮ್ಮ ಉಳಿದ ಸೇವಾವಧಿ ಯೋಜನೆಯ ಅವಧಿಗೆ ಸಾಲುತ್ತದೆಯೇ? ಒಬ್ಬರು ಒಂದೇ ಸಮಯದಲ್ಲಿ ಎಷ್ಟು ಯೋಜನೆ ನಡೆಸಬಹುದು ಎಂಬ ಮಿತಿ ಇದೆಯೇ? ಅದೇ ಪ್ರಸ್ತಾವನೆ ಬೇರೆಡೆ ಪರಿಶೀಲನೆಯಲ್ಲಿದ್ದರೆ ಒಪ್ಪುತ್ತಾರೆಯೇ? ನಿವೃತ್ತಿ ಹತ್ತಿರವಿದ್ದರೆ ಯೋಜನೆ ಯಾರ ಕೈಗೆ ಹೋಗುತ್ತದೆ ಎಂಬುದನ್ನು ಕಿರಿಯ ಸಹ ಸಂಶೋಧಕರ ಹೆಸರಿನೊಂದಿಗೆ ಮೊದಲೇ ಬರೆದುಬಿಡಿ. ರೆಫರಿ ಕೇಳುವವರೆಗೆ ಕಾಯಬೇಡಿ.

ಹಂತ 4: ಒಂದೇ ಪುಟ

ಪೂರ್ಣ ನಮೂನೆ ಮುಟ್ಟುವ ಮುಂಚೆ ಒಂದೇ ಪುಟ ಬರೆಯಿರಿ. ಮೊದಲ ಪ್ಯಾರಾದಲ್ಲಿ ಸಮಸ್ಯೆ, ಎರಡನೆಯದರಲ್ಲಿ ಏನು ಗೊತ್ತಿಲ್ಲ ಎಂಬುದು, ಮೂರನೆಯದರಲ್ಲಿ ನಿಮ್ಮ ಊಹೆ ಮತ್ತು ಅದನ್ನು ಪರೀಕ್ಷಿಸುವ ಬಗೆ, ಆಮೇಲೆ ಮೂರು ಉದ್ದೇಶ, ಕೊನೆಗೆ ಫಲಿತಾಂಶ ಈ ಕಡೆ ಬಂದರೆ ಏನು, ಆ ಕಡೆ ಬಂದರೆ ಏನು. ಸಮಿತಿಯಲ್ಲಿ ಬಹುಪಾಲು ಸದಸ್ಯರು ಗಮನವಿಟ್ಟು ಓದುವುದು ಇಷ್ಟನ್ನೇ.

ಜಾಗತಿಕ ನೀರಿನ ಬಿಕ್ಕಟ್ಟಿನಿಂದ ಶುರು ಮಾಡಬೇಡಿ. “ಜಗತ್ತಿನಾದ್ಯಂತ ಕೋಟ್ಯಂತರ ಜನ” ಎಂಬ ಸಾಲಿನಿಂದ ಶುರುವಾಗುವ ಪ್ರಸ್ತಾವನೆಗಳು ರೆಫರಿಯ ಮೇಜಿನ ಮೇಲೆ ರಾಶಿ ಇರುತ್ತವೆ. ಕೋಲಾರದ ಕೆರೆಯಿಂದಲೇ ಶುರು ಮಾಡಿ. ನಾಲ್ಕನೇ ಸಾಲಿನೊಳಗೆ ‘ಇದು ಯಾರಿಗೂ ಗೊತ್ತಿಲ್ಲ’ ಎಂಬ ಮಾತು ಬಂದಿರಬೇಕು.

ಈ ಒಂದು ಪುಟ ನಿಲ್ಲುವವರೆಗೆ ಮುಂದೆ ಹೋಗಬೇಡಿ. ಕೆಲವು ಆಹ್ವಾನಗಳಲ್ಲಿ ಮೊದಲು ಸಂಕ್ಷಿಪ್ತ ಟಿಪ್ಪಣಿ ಮಾತ್ರ ಕೇಳುತ್ತಾರೆ, ಆಗ ಈ ಪುಟವೇ ನಿಮ್ಮ ಅರ್ಜಿ.

ಹಂತ 5: ವಿಧಾನವನ್ನು ಎಣಿಕೆಯವರೆಗೆ ಬಿಡಿಸಿ

ಹಿರಿಯರು ಇಲ್ಲಿ ಚುಟುಕಾಗುತ್ತಾರೆ. “ಮಾದರಿಗಳನ್ನು ಸಂಗ್ರಹಿಸಿ ಪ್ರಮಾಣಿತ ವಿಧಾನಗಳಿಂದ ವಿಶ್ಲೇಷಿಸಲಾಗುವುದು” ಎಂಬ ಒಂದು ವಾಕ್ಯದಲ್ಲಿ ಮುಗಿಸುತ್ತಾರೆ, ಏಕೆಂದರೆ ಅವರಿಗೆ ಅದು ದಿನನಿತ್ಯದ ಕೆಲಸ. ರೆಫರಿಗೆ ಆ ವಾಕ್ಯ ಏನನ್ನೂ ಹೇಳುವುದಿಲ್ಲ.

ಮೇಲಿನ ಉದಾಹರಣೆಯನ್ನೇ ಮುಂದುವರಿಸೋಣ. ಸಂಸ್ಕರಿತ ನೀರು ಬರುವ 4 ಕೆರೆ, ಬಾರದ 4 ಕೆರೆ. ಪ್ರತಿ ಕೆರೆಯ ಸುತ್ತ, ಕಟ್ಟೆಯಿಂದ ಬೇರೆ ಬೇರೆ ದೂರದಲ್ಲಿ, 6 ಕೊಳವೆಬಾವಿ. ಒಟ್ಟು 48 ಬಾವಿ. ವರ್ಷಕ್ಕೆ ಎರಡು ಸುತ್ತು: ಒಂದು ಮುಂಗಾರಿಗೆ ಮುಂಚೆ ಮೇ ತಿಂಗಳಲ್ಲಿ, ಇನ್ನೊಂದು ಹಿಂಗಾರು ಮುಗಿದ ಮೇಲೆ ಜನವರಿಯಲ್ಲಿ. ಎರಡು ವರ್ಷಕ್ಕೆ 4 ಸುತ್ತು, ಅಂದರೆ ಬಾವಿಗಳಿಂದ 192 ಮಾದರಿ, ಕೆರೆಗಳಿಂದಲೇ ಇನ್ನೂ 32. ಅಳತೆ ಸರಿಯಿದೆಯೇ ಎಂದು ನೋಡಲು ಹತ್ತಕ್ಕೊಂದರಂತೆ ಜೋಡಿ ಮಾದರಿ ಸೇರಿಸಿದರೆ ಸುಮಾರು 250. ಫ್ಲೋರೈಡ್ ಅಳೆಯುವುದು ಅಯಾನ್ ಸೆಲೆಕ್ಟಿವ್ ಎಲೆಕ್ಟ್ರೋಡ್‌ನಿಂದ, ಎಲ್ಲ ಮಾದರಿಗಳ ಅಯಾನು ಬಲವನ್ನು ಸಮ ಮಾಡುವ ಟಿಸಾಬ್ ಬಫರ್ ಬೆರೆಸಿ. ಮಾದರಿ ತುಂಬುವುದು ಪಾಲಿಥೀನ್ ಬಾಟಲಿಗೆ, ಗಾಜಿಗಲ್ಲ. ಪಂಪ್ ಎಷ್ಟು ಹೊತ್ತು ಓಡಿಸಿದ ಮೇಲೆ ನೀರು ಹಿಡಿಯುತ್ತೀರಿ ಎಂಬುದನ್ನೂ ಬರೆಯಿರಿ. ಈ ಒಂದು ವಿವರ ನೋಡಿದರೆ ಸಾಕು, ನೀವು ಬಾವಿಯ ಬಳಿ ನಿಂತು ಕೆಲಸ ಮಾಡಿದವರು ಎಂದು ಓದುವವರಿಗೆ ಗೊತ್ತಾಗುತ್ತದೆ.

ಈಗ ನಿಮ್ಮ ವಿಧಾನವನ್ನು ನೀವೇ ಕೆಡವಲು ನೋಡಿ. ನೀರು ಬರುವ ಕೆರೆಗಳ ಸುತ್ತ ಫ್ಲೋರೈಡ್ ಕಡಿಮೆ ಇದೆ ಎಂದು ಕಂಡರೆ, ಅದು 2018ಕ್ಕೆ ಮುಂಚೆಯೂ ಕಡಿಮೆಯೇ ಇದ್ದಿರಬಹುದಲ್ಲ? ರೆಫರಿ ಕೇಳುವ ಮೊದಲ ಪ್ರಶ್ನೆ ಇದು. ಹಾಗಾಗಿ ರಾಜ್ಯದ ಅಂತರ್ಜಲ ನಿರ್ದೇಶನಾಲಯ ಮತ್ತು ಕೇಂದ್ರ ಅಂತರ್ಜಲ ಮಂಡಳಿಯ ವೀಕ್ಷಣಾ ಬಾವಿಗಳ ಹಳೆಯ ದತ್ತಾಂಶ ಮೊದಲೇ ಕಲೆಹಾಕಿ, ನೀವು ಆರಿಸಿದ ಕೆರೆಗಳ ಹತ್ತಿರ ಎಷ್ಟು ಬಾವಿಗೆ ಹಳೆಯ ಅಳತೆ ಸಿಗುತ್ತದೆ ಎಂಬುದನ್ನು ಪ್ರಸ್ತಾವನೆಯಲ್ಲೇ ಹೇಳಿ. ಬಾವಿಗೆ ಬಂದದ್ದು ಕೆರೆಯ ನೀರೇ ಎಂದು ತೋರಿಸುವುದು ಹೇಗೆ? ಕೆರೆಯಲ್ಲಿ ನಿಂತು ಆವಿಯಾದ ನೀರಿನ ಆಮ್ಲಜನಕ ಮತ್ತು ಜಲಜನಕದ ಸ್ಥಿರ ಐಸೊಟೋಪುಗಳ ಅನುಪಾತ ಮಳೆನೀರಿಗಿಂತ ಬೇರೆ ಇರುತ್ತದೆ. ಅದನ್ನು ಗುರುತಾಗಿ ಬಳಸಬಹುದು. ಅದನ್ನು ಅಳೆಯುವ ಯಂತ್ರ ನಿಮ್ಮಲ್ಲಿ ಇರಲಾರದು. ಅದಕ್ಕೆ ಹಂತ 7 ನೋಡಿ.

ಕೊನೆಗೆ ಅಡ್ಡಿಗಳ ಒಂದು ಪ್ಯಾರಾ. 48ರಲ್ಲಿ ಕೆಲವು ಬಾವಿಗಳು ಎರಡನೇ ವರ್ಷಕ್ಕೆ ಬತ್ತಬಹುದು ಅಥವಾ ರೈತರು ಮುಚ್ಚಿಬಿಡಬಹುದು. ಬದಲಿ ಬಾವಿಗಳನ್ನು ಮೊದಲೇ ಗುರುತಿಸಿದ್ದೇವೆ ಎಂದು ಬರೆಯಿರಿ. ಅಡ್ಡಿಯೇ ಇಲ್ಲ ಎಂದು ಬರೆದವರನ್ನು ಅನುಭವಸ್ಥ ರೆಫರಿ ನಂಬುವುದಿಲ್ಲ.

ಹಂತ 6: ಆಯವ್ಯಯ ವಿಧಾನದಿಂದ ಹುಟ್ಟಲಿ

ವಿಧಾನದ ಪ್ರತಿ ಸಾಲಿನ ಎದುರು ಖರ್ಚು ಬರೆಯುತ್ತಾ ಬಂದರೆ ಆಯವ್ಯಯ ತಾನಾಗಿ ಆಗುತ್ತದೆ. 250 ಮಾದರಿಗೆ ಎಷ್ಟು ಬಫರ್, ಎಷ್ಟು ಬಾಟಲಿ, ಎಷ್ಟು ದಿನದ ವಾಹನ ಬಾಡಿಗೆ. ದುಂಡಗಿನ ‘5 ಲಕ್ಷ ಕನ್ಸ್ಯೂಮಬಲ್ಸ್’ ಕಂಡರೆ ಸಮಿತಿ ಅರ್ಧ ಕತ್ತರಿಸುತ್ತದೆ. ಲೆಕ್ಕ ಬಿಡಿಸಿ ತೋರಿಸಿದ್ದನ್ನು ಕತ್ತರಿಸಲು ಅವರಿಗೂ ಕಾರಣ ಬೇಕಾಗುತ್ತದೆ.

ಸಿಬ್ಬಂದಿ ವೆಚ್ಚದಲ್ಲಿ ನಮ್ಮ ಕಡೆಯವರು ಪದೇ ಪದೇ ಎಡವುತ್ತಾರೆ. 2023ರ ಜನವರಿ 1ರಿಂದ ಕಿರಿಯ ಸಂಶೋಧನಾ ಫೆಲೊಗೆ (ಜೆಆರ್‌ಎಫ್) ತಿಂಗಳಿಗೆ 37,000 ರೂಪಾಯಿ, ಹಿರಿಯ ಸಂಶೋಧನಾ ಫೆಲೊಗೆ (ಎಸ್‌ಆರ್‌ಎಫ್) 42,000. ಮೂರು ವರ್ಷದ ಯೋಜನೆಯಲ್ಲಿ ಮೊದಲ ಎರಡು ವರ್ಷ ಜೆಆರ್‌ಎಫ್ ಎಂದರೆ 8,88,000, ಮೂರನೇ ವರ್ಷ ಎಸ್‌ಆರ್‌ಎಫ್ ಎಂದರೆ 5,04,000, ಒಟ್ಟು 13,92,000. ಇದರ ಮೇಲೆ ಮನೆ ಬಾಡಿಗೆ ಭತ್ಯೆ. ಬೆಂಗಳೂರಿನ ಯಾವುದೋ ಸಂಸ್ಥೆಯ ಪ್ರಸ್ತಾವನೆ ನೋಡಿ ಬರೆದವರು ಶೇ 30 ಹಾಕುತ್ತಾರೆ. ಏಳನೇ ವೇತನ ಆಯೋಗದ ಲೆಕ್ಕದಲ್ಲಿ ಅದು ಎಕ್ಸ್ ದರ್ಜೆಯ ನಗರದ ದರ; ನಮ್ಮ ಮೂರೂ ಜಿಲ್ಲಾ ಕೇಂದ್ರಗಳು ಝಡ್ ದರ್ಜೆ, ಶೇ 10. ಈ ಒಂದು ತಪ್ಪಿನಿಂದಲೇ 2,78,400 ರೂಪಾಯಿ ಹೆಚ್ಚು ಕೇಳಿದಂತಾಗುತ್ತದೆ. ಕಾಲಕಾಲಕ್ಕೆ ದರ ಪರಿಷ್ಕರಣೆಯಾಗುವುದರಿಂದ ಸಲ್ಲಿಸುವ ವಾರ ಹೊಸ ಆದೇಶ ಬಂದಿದೆಯೇ ಎಂದು ಮತ್ತೆ ನೋಡಿ.

ಉಪಕರಣದ ಕೊಟೇಷನ್ ಹಳೆಯದಾಗಿರಬಾರದು. ಸಂಶೋಧನಾ ಸಂಸ್ಥೆಗಳು ಕೊಳ್ಳುವ ವೈಜ್ಞಾನಿಕ ಉಪಕರಣಕ್ಕೆ ಮೊದಲು ಶೇ 5ರ ರಿಯಾಯಿತಿ ಜಿಎಸ್‌ಟಿ ಇತ್ತು. 2022ರ ಜುಲೈ 18ರಿಂದ ಆ ರಿಯಾಯಿತಿ ರದ್ದಾಯಿತು. ಈಗಲೂ ಕೆಲವರು ಹಳೆಯ ಕಡತ ನೋಡಿ ಶೇ 5 ಹಾಕುತ್ತಾರೆ, ಹಣ ಬಂದ ಮೇಲೆ ಯಂತ್ರಕ್ಕೆ ಸಾಲದಾಗುತ್ತದೆ. ಆ ಉಪಕರಣಕ್ಕೆ ಇವತ್ತಿನ ತೆರಿಗೆ ದರ ಎಷ್ಟು, ಸ್ಥಾಪನೆಗೆ ಎಷ್ಟು, ವಾರಂಟಿ ಮುಗಿದ ಮೇಲಿನ ನಿರ್ವಹಣೆಗೆ ಎಷ್ಟು ಎಂದು ಪೂರೈಕೆದಾರರಿಂದ ಬಿಡಿಬಿಡಿಯಾಗಿ ಬರೆಸಿಕೊಳ್ಳಿ. ಯುಪಿಎಸ್ ಮರೆಯಬೇಡಿ. ನಮ್ಮ ಕಾಲೇಜುಗಳ ವಿದ್ಯುತ್ ಏರಿಳಿತಕ್ಕೆ ಸುಟ್ಟುಹೋದ ಬೋರ್ಡುಗಳ ದುರಸ್ತಿಗೆ ಯಾವ ಅನುದಾನದಲ್ಲೂ ಜಾಗ ಇರುವುದಿಲ್ಲ.

*ಎಚ್ಚರಿಕೆಯ ಲಕ್ಷಣ:* ಒಟ್ಟು ಮೊತ್ತದ ಬಹುಪಾಲು ಒಂದೇ ದೊಡ್ಡ ಯಂತ್ರಕ್ಕೆ ಹೋಗುತ್ತಿದೆ, ಆದರೆ ಮೂರು ಉದ್ದೇಶಗಳಲ್ಲಿ ಒಂದಕ್ಕೆ ಮಾತ್ರ ಆ ಯಂತ್ರ ಬೇಕು. ಯಂತ್ರ ಕೊಳ್ಳಲು ಪ್ರಸ್ತಾವನೆ ಬರೆದಿದ್ದೀರಿ ಎಂದು ಸಮಿತಿ ಹೇಳುವುದು ಆಗಲೇ.

ಹಂತ 7: ಜೊತೆಗಾರರು, ಹೊರಗಿನ ಸೌಲಭ್ಯ, ಒಪ್ಪಿಗೆ ಪತ್ರಗಳು

ನಿಮ್ಮಲ್ಲಿಲ್ಲದ ಯಂತ್ರ ಎಲ್ಲಿದೆ ಎಂದು ಐ-ಸ್ಟೆಮ್ ಪೋರ್ಟಲ್‌ನಲ್ಲಿ ಹುಡುಕಿ. ದೇಶದ ಸಂಸ್ಥೆಗಳಲ್ಲಿರುವ ಸಂಶೋಧನಾ ಉಪಕರಣಗಳ ಪಟ್ಟಿ ಅಲ್ಲಿದೆ, ಹೊರಗಿನವರು ಸಮಯ ಕಾದಿರಿಸಬಹುದು. ಬೆಂಗಳೂರು ಇಷ್ಟು ಹತ್ತಿರ ಇರುವುದು ನಮಗೆ ದೊಡ್ಡ ಅನುಕೂಲ. ಆದರೆ “ಬೆಂಗಳೂರಿನಲ್ಲಿ ಮಾಡಿಸಲಾಗುವುದು” ಎಂದರೆ ಸಾಲದು. ಯಾವ ಪ್ರಯೋಗಾಲಯ, ಮಾದರಿಯೊಂದಕ್ಕೆ ಎಷ್ಟು ಶುಲ್ಕ, ವರದಿ ಎಷ್ಟು ದಿನದಲ್ಲಿ ಎಂಬ ಪತ್ರ ಲಗತ್ತಿಸಿ.

ಸಹ ಸಂಶೋಧಕರನ್ನು ಹೆಸರಿಗಾಗಿ ಸೇರಿಸಬೇಡಿ. ದೊಡ್ಡ ಸಂಸ್ಥೆಯ ಒಬ್ಬ ಹೆಸರಾಂತರನ್ನು ಸೇರಿಸಿ, ಅವರಿಗೆ ‘ಮಾರ್ಗದರ್ಶನ’ ಎಂಬ ಪಾತ್ರ ಕೊಟ್ಟರೆ ಅದು ಎಲ್ಲರಿಗೂ ಕಾಣುತ್ತದೆ. ಅವರು ಯಾವ ಉದ್ದೇಶದ ಯಾವ ಭಾಗ ಮಾಡುತ್ತಾರೆ, ವಾರಕ್ಕೆ ಎಷ್ಟು ಗಂಟೆ ಕೊಡುತ್ತಾರೆ ಎಂದು ಅವರಿಂದಲೇ ಬರೆಸಿ. ನಿಮ್ಮ ಸ್ವಂತ ಗಂಟೆಗಳನ್ನೂ ಪ್ರಾಮಾಣಿಕವಾಗಿ ಹಾಕಿ. ವಿಭಾಗದ ಮುಖ್ಯಸ್ಥಿಕೆ, ಕಾಲೇಜಿನ ನ್ಯಾಕ್ ಮೌಲ್ಯಮಾಪನದ ಕೆಲಸ, ಪರೀಕ್ಷಾ ಕೆಲಸ, ಜೊತೆಗೆ ನಡೆಯುತ್ತಿರುವ ಎರಡು ಯೋಜನೆ ಇರುವವರು ವಾರಕ್ಕೆ 20 ಗಂಟೆ ಎಂದು ಬರೆದರೆ ನಂಬುವವರು ಯಾರು?

ಒಪ್ಪಿಗೆಗಳ ಕೆಲಸ ನಿಧಾನ. ಮನುಷ್ಯರಿಂದ ರಕ್ತ, ಮೂತ್ರ ಅಥವಾ ಆರೋಗ್ಯ ಮಾಹಿತಿ ಪಡೆಯುವುದಾದರೆ ಸಂಸ್ಥೆಯ ನೈತಿಕ ಸಮಿತಿ ಬೇಕು, ಆ ಸಮಿತಿ ನೋಂದಣಿಯಾಗಿರಬೇಕು. ನಿಮ್ಮ ಕಾಲೇಜಿನಲ್ಲಿ ಇಲ್ಲದಿದ್ದರೆ ಹತ್ತಿರದ ವೈದ್ಯಕೀಯ ಕಾಲೇಜಿನೊಂದಿಗೆ ಮೊದಲೇ ಮಾತಾಡಿ. ಪ್ರಾಣಿ ಪ್ರಯೋಗಕ್ಕೂ ಕುಲಾಂತರಿ ಜೀವಿಗಳ ಕೆಲಸಕ್ಕೂ ಪ್ರತ್ಯೇಕ ಸಮಿತಿಗಳಿವೆ. ನಮ್ಮ ಉದಾಹರಣೆಯ ಯೋಜನೆಗೆ ಸಣ್ಣ ನೀರಾವರಿ ಇಲಾಖೆಯಿಂದ ಕೆರೆಗಳ ಬಗ್ಗೆ ಒಂದು ಪತ್ರ, ಗ್ರಾಮ ಪಂಚಾಯಿತಿಯ ಪಿಡಿಒ ಅವರಿಂದ ಒಂದು ಪತ್ರ ಇದ್ದರೆ ಬಲ ಬರುತ್ತದೆ. ಬಾವಿಯ ಮಾಲೀಕರಾದ ರೈತರನ್ನು ಖುದ್ದಾಗಿ ಕಂಡು, ಏನು ಮಾಡುತ್ತೀರಿ, ಫಲಿತಾಂಶ ಅವರಿಗೂ ಹೇಳುತ್ತೀರಾ ಎಂಬುದನ್ನು ವಿವರಿಸಿ ಒಪ್ಪಿಗೆ ಪಡೆಯಿರಿ. ಹೇಳುತ್ತೇವೆ ಎಂದ ಮೇಲೆ ಹೇಳಲೇಬೇಕು. ಹಿಂದೆ ಯಾರೋ ನೀರು ಹಿಡಿದುಕೊಂಡು ಹೋದವರು ಮತ್ತೆ ಬರಲೇ ಇಲ್ಲ ಎಂಬ ದೂರು ಹಳ್ಳಿಗಳಲ್ಲಿ ಇದ್ದೇ ಇದೆ, ಅದು ನ್ಯಾಯವಾದ ದೂರು.

ಹಂತ 8: ನಿಮ್ಮ ಬಗ್ಗೆ ಬರೆಯುವ ಭಾಗ

ಪ್ರಕಟಣೆಗಳ ಸಂಖ್ಯೆ, ಎಚ್-ಇಂಡೆಕ್ಸ್ (ಪ್ರಕಟಣೆಗಳನ್ನು ಇತರರು ಎಷ್ಟು ಉಲ್ಲೇಖಿಸಿದ್ದಾರೆ ಎಂಬುದರ ಅಳತೆ), ಪ್ರಶಸ್ತಿ, ಹುದ್ದೆಗಳನ್ನು ಪೋರ್ಟಲ್ ಹೇಗೂ ಕೇಳುತ್ತದೆ. ಪ್ರಸ್ತಾವನೆಯೊಳಗೆ ಅವುಗಳನ್ನು ಮತ್ತೆ ತುಂಬಬೇಡಿ. ಈ ಪ್ರಶ್ನೆಗೆ ನೇರ ಸಂಬಂಧಿಸಿದ ಎರಡು–ಮೂರು ಕೆಲಸಗಳನ್ನು ಮಾತ್ರ ಆರಿಸಿ, ಪ್ರತಿಯೊಂದರಿಂದ ಏನು ತಿಳಿಯಿತು, ಎಲ್ಲಿ ನಿಂತಿತು, ಅಲ್ಲಿಂದ ಈ ಪ್ರಸ್ತಾವನೆ ಹೇಗೆ ಮುಂದುವರಿಯುತ್ತದೆ ಎಂದು ಬರೆಯಿರಿ.

ಹಿಂದಿನ ಅನುದಾನದ ಫಲವನ್ನೂ ಇಲ್ಲೇ ಹೇಳಿ: ಯಾವ ಉದ್ದೇಶ ಪೂರ್ತಿಯಾಯಿತು, ಯಾವುದು ಆಗಲಿಲ್ಲ, ಏಕೆ. ಯಾರು ಪಿಎಚ್.ಡಿ. ಮುಗಿಸಿದರು. ಕೊಂಡ ಉಪಕರಣ ಈಗ ಏನು ಮಾಡುತ್ತಿದೆ. ಹೊಸ ಪ್ರಸ್ತಾವನೆ ಹಳೆಯದರ ಮರುಬರಹದಂತೆ ಕಾಣುವ ಅಪಾಯ ಹಿರಿಯರಿಗೆ ಸದಾ ಇದೆ. ಹಳೆಯ ಪ್ರಸ್ತಾವನೆಯ ಪ್ಯಾರಾಗಳನ್ನು ಎತ್ತಿ ಹಾಕಿದರೆ ಕೃತಿಚೌರ್ಯ ಪತ್ತೆ ಮಾಡುವ ತಂತ್ರಾಂಶ ನಿಮ್ಮದೇ ಬರಹವನ್ನು ನಿಮ್ಮ ವಿರುದ್ಧ ತೋರಿಸುತ್ತದೆ. ವಿದ್ಯಾರ್ಥಿಯ ಪ್ರಬಂಧದ ಅಧ್ಯಾಯವನ್ನು ಎತ್ತಿ ಹಾಕುವುದು ಅದಕ್ಕಿಂತಲೂ ಕೆಟ್ಟದ್ದು. ಆ ಬರಹ ಅವರದು.

ಹಂತ 9: ಓದಿಸಿ, ಆಮೇಲೆ ಸಲ್ಲಿಸಿ

ಹಿರಿಯರ ಕರಡನ್ನು ಟೀಕಿಸಲು ಸುತ್ತಲಿನವರು ಹೆದರುತ್ತಾರೆ. “ತುಂಬಾ ಚೆನ್ನಾಗಿದೆ ಮೇಡಂ” ಎಂಬ ಮಾತಿನಿಂದ ಉಪಯೋಗವಿಲ್ಲ. ನಿಮ್ಮ ವಿಷಯದವರೊಬ್ಬರು, ವಿಷಯದ ಹೊರಗಿನವರೊಬ್ಬರು, ಕಿರಿಯರೊಬ್ಬರು, ಹೀಗೆ ಮೂವರಿಗೆ ಕೊಟ್ಟು “ಇದನ್ನು ತಿರಸ್ಕರಿಸಲು ಮೂರು ಕಾರಣ ಬರೆದುಕೊಡಿ” ಎಂದು ಕೇಳಿ. ಹಾಗೆ ಕೇಳಿದರೆ ಕಿರಿಯರೂ ಬರೆಯುತ್ತಾರೆ. ಬಂದ ಕಾರಣಗಳಿಗೆ ಪ್ರಸ್ತಾವನೆಯಲ್ಲೇ ಉತ್ತರ ಸೇರಿಸಿ. ಇದಕ್ಕೆ ಎರಡು ವಾರ ಬೇಕು.

ಸಂಸ್ಥೆಯ ಅನುಮೋದನಾ ಪತ್ರಕ್ಕೆ ಕನಿಷ್ಠ ಮೂರು ವಾರ ಮುಂಚೆ ಟಿಪ್ಪಣಿ ಮಂಡಿಸಿ. ಪತ್ರದ ಒಕ್ಕಣೆ ಆಹ್ವಾನದಲ್ಲಿ ಕೊಟ್ಟ ನಮೂನೆಯಲ್ಲೇ ಇರಲಿ. ಸಹಿ, ಮೊಹರು, ದಿನಾಂಕ ಮೂರೂ ಇರಲಿ. ಕುಲಸಚಿವರು ಬದಲಾಗುವ ಸಮಯ, ಪರೀಕ್ಷೆಯ ಸಮಯ, ಹಬ್ಬದ ರಜೆ ನೋಡಿಕೊಳ್ಳಿ.

ಪೋರ್ಟಲ್‌ಗೆ ಕಡೆಯ ದಿನಕ್ಕಿಂತ ನಾಲ್ಕು ದಿನ ಮುಂಚೆ ಹಾಕಿ. ಕಡೆಯ ಸಂಜೆ ಸರ್ವರ್ ನಿಧಾನವಾಗುವುದು ಮಾಮೂಲಿ. ಸಲ್ಲಿಸುವ ಬಟನ್ ಒತ್ತುವ ಮುನ್ನ ಪೋರ್ಟಲ್ ತಯಾರಿಸಿದ ಪಿಡಿಎಫ್ ಇಳಿಸಿಕೊಂಡು ಇಡೀ ಓದಿ. ಸೂತ್ರಗಳು, ಕೋಷ್ಟಕಗಳು, ಡಿಗ್ರಿ ಚಿಹ್ನೆಗಳು ಅಲ್ಲಿ ಕೆಟ್ಟಿರುತ್ತವೆ. ರೆಫರಿಗಳ ಹೆಸರು ಸೂಚಿಸಲು ಕೇಳಿದರೆ ಜೊತೆಗೆ ಪ್ರಕಟಿಸಿದವರನ್ನೂ ನಿಮ್ಮ ಗುರುಗಳನ್ನೂ ಬಿಟ್ಟುಬಿಡಿ.

ಹಂತ 10: ಸಮಿತಿಯ ಮುಂದೆ, ಮತ್ತು ವಾಪಸ್ ಬಂದರೆ

ಮಂಡನೆಗೆ ಕರೆದರೆ ಸಿಗುವುದು ಕೆಲವೇ ನಿಮಿಷ. ಸಂಸ್ಥೆಯ ಕಟ್ಟಡದ ಚಿತ್ರ, ಸ್ವಪರಿಚಯ ಬೇಡ. ಮೊದಲ ಸ್ಲೈಡಿನಲ್ಲಿ ಪ್ರಶ್ನೆ, ಎರಡನೆಯದರಲ್ಲಿ ಕೆರೆ–ಬಾವಿಗಳ ನಕ್ಷೆ, ಮೂರನೆಯದರಲ್ಲಿ ಈಗಾಗಲೇ ಅಳೆದ ಪ್ರಾಥಮಿಕ ಫಲಿತಾಂಶ. ಗೊತ್ತಿಲ್ಲದ ಪ್ರಶ್ನೆ ಬಂದರೆ “ಅದನ್ನು ನಾವು ಯೋಚಿಸಿಲ್ಲ, ಸೇರಿಸಬಹುದು” ಎಂದು ಹೇಳಿ ಬರೆದುಕೊಳ್ಳಿ. ಅನುಭವದ ಬಲದಿಂದ ವಾದಕ್ಕಿಳಿದ ಹಿರಿಯರು ಕೈಗೆ ಬಂದದ್ದನ್ನು ಅಲ್ಲೇ ಕಳೆದುಕೊಳ್ಳುತ್ತಾರೆ.

ತಿರಸ್ಕಾರ ಬಂದರೆ ರೆಫರಿಗಳ ಟಿಪ್ಪಣಿಯನ್ನು ಒಂದು ವಾರ ಬಿಟ್ಟು ಓದಿ. ಟಿಪ್ಪಣಿಗಳನ್ನು ಎರಡು ಗುಂಪು ಮಾಡಿ: ಪ್ರಶ್ನೆಯೇ ಬೇಡವೆಂದವು, ವಿಧಾನ ಅಥವಾ ವೆಚ್ಚ ಸರಿಯಿಲ್ಲವೆಂದವು. ಎರಡನೇ ಗುಂಪಿನವೇ ಹೆಚ್ಚಿದ್ದರೆ ತಿದ್ದಿ ಮತ್ತೆ ಕಳಿಸಿ. ಮೊದಲ ಗುಂಪಿನವು ಹೆಚ್ಚಿದ್ದರೆ ಹಂತ 2ಕ್ಕೆ ಹಿಂತಿರುಗಿ. ಶೀರ್ಷಿಕೆ ಮತ್ತು ದಿನಾಂಕ ಮಾತ್ರ ಬದಲಿಸಿ ಇನ್ನೊಂದು ಇಲಾಖೆಗೆ ಕಳಿಸುವುದರಿಂದ ಏನೂ ಆಗುವುದಿಲ್ಲ. ತಜ್ಞರ ವಲಯ ಚಿಕ್ಕದು, ಅದೇ ರೆಫರಿಯ ಕೈಗೇ ಅದು ಮತ್ತೆ ಹೋಗಬಹುದು.

ಮಂಜೂರಾದರೆ ಆದೇಶದಲ್ಲಿ ಯೋಜನೆ ಶುರುವಾಗುವ ದಿನಾಂಕವನ್ನು ಮೊದಲು ಹುಡುಕಿ, ಅದೇ ವಾರ ಜೆಆರ್‌ಎಫ್ ನೇಮಕದ ಜಾಹೀರಾತಿಗೆ ಟಿಪ್ಪಣಿ ಮಂಡಿಸಿ. ನಮ್ಮ ಕಡೆ ಅಭ್ಯರ್ಥಿ ಸಿಕ್ಕಿ, ಸಂದರ್ಶನ ಮುಗಿದು, ಆದೇಶ ಕೈಗೆ ಬರುವಷ್ಟರಲ್ಲಿ ತಿಂಗಳುಗಳು ಕಳೆಯುತ್ತವೆ. ಹಣ ಜುಲೈನಲ್ಲಿ ಬಂದರೆ ಮೇ ತಿಂಗಳ ಮೊದಲ ಸುತ್ತು ಆಗಲೇ ತಪ್ಪಿರುತ್ತದೆ. ಹಾಗಾದಾಗ ಸುತ್ತುಗಳ ವೇಳಾಪಟ್ಟಿಯನ್ನು ಹೊಸದಾಗಿ ಬರೆದು, ಅನುದಾನ ಕೊಟ್ಟವರಿಗೆ ಲಿಖಿತವಾಗಿ ತಿಳಿಸಿ, ಅವರ ಒಪ್ಪಿಗೆಯ ಪ್ರತಿಯನ್ನು ಕಡತದಲ್ಲಿ ಇಟ್ಟುಕೊಂಡೇ ಮೊದಲ ಬಾವಿಗೆ ಹೋಗಿ.